ಹಿತ್ತಿಲ ಒಲೆ: ಕನ್ನಡ ಮನೆಯ ಹೊರಾಂಗಣ ಅಡುಗೆಯ ಚಾರಿತ್ರಿಕ ಅವಲೋಕನ

1. ಪೀಠಿಕೆ

ನಮ್ಮ ಮನೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮುಂಬಾಗಿಲಿನಿಂದಲೇ ಒಳಹೊಕ್ಕಿದ್ದಾರೆ. ಕೆತ್ತನೆಯ ಕಂಬ, ಬಾಗಿಲವಾಡ, ಜಗಲಿ, ಪಡಸಾಲೆ, ತೊಟ್ಟಿ, ದೇವರ ಕೋಣೆ ಇವುಗಳ ವಿವರ ನಮಗೆ ಸಾಕಷ್ಟು ದೊರೆಯುತ್ತದೆ. ಹಿಂಬಾಗಿಲಿನ ಆಚೆಗಿರುವ ಹಿತ್ತಿಲು ಮಾತ್ರ ಇಂತಹ ವರ್ಣನೆಗಳ ಕೊನೆಯಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಗಿಡಕ್ಕೆ ಮಾತ್ರವಲ್ಲ, ಸ್ವತಃ ಹಿತ್ತಿಲಿಗೂ ಅನ್ವಯಿಸುವಂತಿದೆ. ತೀರ ಹತ್ತಿರವಿದ್ದದ್ದು ಅಧ್ಯಯನಕ್ಕೆ ಯೋಗ್ಯವೆಂದು ತೋರಲಿಲ್ಲ.

ಕಳೆದ ಎರಡು ಮೂರು ದಶಕಗಳಲ್ಲಿ ಮನೆಯ ಹಿಂಬದಿಗೆ ಹೊಸ ಬೆಲೆ ಬಂದಿದೆ. ಬೆಂಗಳೂರಿನ ಹೊರವಲಯದ ವಿಲ್ಲಾಗಳಲ್ಲಿಯೂ, ಕೊಡಗು ಹಾಗೂ ಸಕಲೇಶಪುರದ ಕಡೆಯ ಹೋಂಸ್ಟೇಗಳಲ್ಲಿಯೂ ಮನೆಯ ಹಿಂದಿನ ತೆರವಿಗೆ ಕಲ್ಲು ಹಾಸಿ, ನೆರಳಿಗೆ ಮಾಡು ಇಳಿಸಿ, ಒಲೆ, ಸಿಂಕು ಮತ್ತು ಕೂರುವ ಕಟ್ಟೆಗಳನ್ನು ಕೂಡಿಸಿ ‘ಹೊರಾಂಗಣ ಅಡುಗೆಮನೆ’ಯನ್ನು ಕಟ್ಟಿಸುವ ರೂಢಿ ಬೆಳೆದಿದೆ. ಇದನ್ನು ಹೊರಗಿನಿಂದ ಬಂದ ಹೊಸ ಸೌಲಭ್ಯವೆಂದು ಭಾವಿಸಲಾಗುತ್ತದೆ. ಆದರೆ ಕನ್ನಡ ನೆಲದಲ್ಲಿ ಒಲೆಯು ಮನೆಯ ಹೊರಗಿದ್ದ ಚರಿತ್ರೆ ಬಹು ದೀರ್ಘವಾದುದು. ದುಡಿಮೆ, ಮೈಲಿಗೆ ಮತ್ತು ಹರಕೆ ಎಂಬ ಮೂರು ಕಾರಣಗಳಿಗಾಗಿ ನಮ್ಮಲ್ಲಿ ಬೆಂಕಿ ಹೊರಗೆ ಉರಿಯುತ್ತಿತ್ತು. ವಿರಾಮವೆಂಬ ನಾಲ್ಕನೆಯ ಕಾರಣ ತೀರ ಇತ್ತೀಚಿನದು. ಈ ನಾಲ್ಕರ ನಡುವಣ ಪಲ್ಲಟವನ್ನು ಗುರುತಿಸುವುದು ಮತ್ತು ಪ್ರತಿಯೊಂದು ಹಂತದಲ್ಲಿಯೂ ಒಲೆಯ ಮುಂದೆ ನಿಂತವರು ಯಾರು ಎಂಬ ಪ್ರಶ್ನೆಯನ್ನು ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

2. ಪದ ಮತ್ತು ಪ್ರದೇಶ

‘ಹಿತ್ತಿಲು’ ಅಥವಾ ‘ಹಿತ್ತಲು’ ಎಂಬುದು ‘ಹಿಂದೆ’ ಎಂಬ ಅರ್ಥದ ದ್ರಾವಿಡ ಮೂಲದೊಡನೆ ನಂಟುಳ್ಳ ಪದ. ಸ್ಥಳವನ್ನು ಮನೆಯ ಬೆನ್ನಿನ ಕಡೆಯಿಂದ ಗುರುತಿಸುವ ಕ್ರಮವಿದು. ಮನೆಯ ಮುಂದಿನದು ಅಂಗಳ. ಮನೆಯ ಮಧ್ಯದ ತೆರವು ತೊಟ್ಟಿ ಅಥವಾ ಚೌಕಿ. ಈ ಮೂರೂ ಆಕಾಶಕ್ಕೆ ತೆರೆದುಕೊಂಡ ಜಾಗಗಳೇ ಆದರೂ ಇವುಗಳ ಸಾಮಾಜಿಕ ಸ್ಥಾನ ಒಂದೇ ಅಲ್ಲ. ಅಂಗಳವು ಊರಿಗೆ ಕಾಣುವ ಜಾಗ. ಅಲ್ಲಿ ತುಳಸಿಕಟ್ಟೆ, ರಂಗವಲ್ಲಿ, ಮದುವೆಯ ಚಪ್ಪರ. ತೊಟ್ಟಿಯು ಮನೆಯವರಿಗೆ ಕಾಣುವ ಜಾಗ. ಅಲ್ಲಿ ಬೆಳಕು, ಮಳೆ, ಮಕ್ಕಳು. ಹಿತ್ತಿಲು ಕಾಣಬೇಕಾಗಿಲ್ಲದ ಜಾಗ. ಅಲ್ಲಿ ಬಾವಿ, ಬಚ್ಚಲು, ಸೌದೆಯ ರಾಶಿ, ಬೂದಿಗುಂಡಿ, ತಿಪ್ಪೆ.

ಹಿತ್ತಿಲನ್ನು ಬರಿಯ ಕಸದ ಮೂಲೆಯೆಂದು ಎಣಿಸಬೇಕಾಗಿಲ್ಲ. ಬಚ್ಚಲಿನಿಂದ ಹರಿದ ನೀರು ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಸೇರುತ್ತದೆ. ಬಾವಿಕಟ್ಟೆಯ ಪಸೆಯಲ್ಲಿ ಒಂದೆಲಗ ಹಬ್ಬುತ್ತದೆ. ಬಸಳೆಯ ಚಪ್ಪರ, ಕರಿಬೇವು, ನುಗ್ಗೆ ಅಲ್ಲಿಯೇ ಇವೆ. ಒಲೆಯ ಬೂದಿ ಪಾತ್ರೆ ಉಜ್ಜುವುದಕ್ಕೂ, ಬಿತ್ತನೆಯ ಕಾಳುಗಳನ್ನು ಹುಳುಗಳಿಂದ ಕಾಪಾಡುವುದಕ್ಕೂ, ತರಕಾರಿಯ ಗಿಡಗಳಿಗೂ ಬಳಕೆಯಾಗುತ್ತದೆ. ಒಲೆ, ನೀರು, ಗಿಡ, ಬೂದಿ ಇವು ಒಂದರೊಡನೊಂದು ಕೊಂಡಿ ಹಾಕಿಕೊಂಡ ವ್ಯವಸ್ಥೆಯೇ ಹಿತ್ತಿಲು. ಇಂದು ಅದನ್ನು ಉತ್ತಮಪಡಿಸುವ ಹೆಸರಿನಲ್ಲಿ ಸಿಮೆಂಟು ಬಳಿದಾಗ ಮೊದಲು ಕಡಿದುಹೋಗುವುದು ಈ ಕೊಂಡಿಯೇ.

ಒಲೆಯ ಪರಿಭಾಷೆಯೂ ಗಮನಾರ್ಹ. ಮೂರು ಕಲ್ಲುಗಳನ್ನಿಟ್ಟು ಮಾಡಿದ ಒಲೆ ಎಲ್ಲೆಡೆಯೂ ಇದೆ. ಮುಖ್ಯ ಒಲೆಯ ಪಕ್ಕದ ಕೋಡೊಲೆ ಒಳಮನೆಯ ಮಣ್ಣಿನ ಒಲೆಗೆ ಸೇರಿದ್ದು. ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ ಸ್ಥಿರವಾಗಿ ಕುಳಿತಿರುತ್ತದೆ. ಉರುವಲಿನಲ್ಲಿ ಪ್ರದೇಶಭೇದವಿದೆ: ಹಳೆಯ ಮೈಸೂರಿನಲ್ಲಿ ಸೌದೆ ಮತ್ತು ಬೆರಣಿ, ಉತ್ತರ ಕರ್ನಾಟಕದಲ್ಲಿ ಕಟ್ಟಿಗೆ ಮತ್ತು ಕುಳ್ಳು, ಕರಾವಳಿ ಹಾಗೂ ಮಲೆನಾಡಿನಲ್ಲಿ ಕಟ್ಟಿಗೆಯ ಜೊತೆಗೆ ತೆಂಗಿನ ಗರಿ, ಅಡಕೆಯ ಸೋಗೆ, ಒಣ ಎಲೆ. ಒಳಗಿನ ಒಲೆಗೆ ಒಳ್ಳೆಯ ಕಟ್ಟಿಗೆ, ಹೊರಗಿನ ಒಲೆಗೆ ಕಸಕಡ್ಡಿ ಎಂಬ ವಿಂಗಡಣೆ ಬಹುತೇಕ ಎಲ್ಲೆಡೆ ಸಮಾನ. ಬೆಂಕಿಯಲ್ಲಿಯೂ ಒಳಗು ಹೊರಗು ಎಂಬ ಶ್ರೇಣಿಯಿತ್ತು.

3. ಪ್ರಾಚೀನ ಆಧಾರಗಳು

ಕರ್ನಾಟಕದ ನೂತನ ಶಿಲಾಯುಗದ ನೆಲೆಗಳು ಹೊರಾಂಗಣದ ಬದುಕಿಗೆ ಅತ್ಯಂತ ಹಳೆಯ ಸಾಕ್ಷ್ಯವನ್ನು ಒದಗಿಸುತ್ತವೆ. ಬಳ್ಳಾರಿಯ ಸಮೀಪದ ಸಂಗನಕಲ್ಲು, ತೆಕ್ಕಲಕೋಟೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮೊದಲಾದೆಡೆ ದೊರೆತ ಗುಡಿಸಲ ನೆಲೆಗಳು ಕಿರಿದಾದವು. ಅರೆಯುವ ಮತ್ತು ಕುಟ್ಟುವ ಕೆಲಸ ಬಂಡೆಗಳ ಮೇಲೆಯೇ ನಡೆಯುತ್ತಿತ್ತೆಂಬುದಕ್ಕೆ ಸಂಗನಕಲ್ಲು ಪರಿಸರದ ಬಂಡೆಗಳಲ್ಲಿ ಸವೆದ ಗುಳಿಗಳೇ ಸಾಕ್ಷಿ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿ, ವಾಸದ ನೆಲೆ ಮತ್ತು ಪ್ರಾಣಿಗಳನ್ನು ಕೊಯ್ದು ಹಸನು ಮಾಡುತ್ತಿದ್ದ ನೆಲ ಬೇರೆ ಬೇರೆಯಾಗಿ ಗುರುತಿಸಲ್ಪಟ್ಟವು. ಹುರುಳಿ, ಹೆಸರು, ಕೊರಲೆಗಳಂತಹ ಧಾನ್ಯಗಳ ಅವಶೇಷಗಳು ಈ ಕಾಲದ ನೆಲೆಗಳಲ್ಲಿ ದೊರೆತಿವೆ. ಆಹಾರವನ್ನು ಸಿದ್ಧಪಡಿಸುವ ಕೆಲಸದ ದೊಡ್ಡ ಭಾಗ ಸೂರಿನ ಹೊರಗೆ ಹಾಗೂ ಹಲವರ ಕೂಡುವಿಕೆಯಲ್ಲಿ ನಡೆಯುತ್ತಿತ್ತೆಂದು ಇವುಗಳಿಂದ ಊಹಿಸಬಹುದು.

ಗ್ರಂಥಾಧಾರಗಳತ್ತ ಬಂದರೆ ಚಿತ್ರ ಬದಲಾಗುತ್ತದೆ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ (1025) ವಾಸ್ತು, ಜಲಶೋಧ, ವೃಕ್ಷಾಯುರ್ವೇದ, ಪಾಕ ಮೊದಲಾದ ಲೌಕಿಕ ವಿದ್ಯೆಗಳನ್ನು ಕನ್ನಡದಲ್ಲಿ ಒಟ್ಟಿಗೆ ತಂದ ಕೃತಿ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಕೃತಿ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಹಂದಿಯ ರೋಮವನ್ನು ಹುಲ್ಲಿನ ಉರಿಯಲ್ಲಿ ಸುಟ್ಟು ತೆಗೆಯುವ ಕ್ರಮದ ವಿವರಣೆಯಿದೆ, ಅದು ಒಳಮನೆಯಲ್ಲಿ ನಡೆಯುವ ಕೆಲಸವಲ್ಲವೆಂಬುದು ಸ್ಪಷ್ಟ. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಮತ್ತು ಕೆಳದಿಯ ಬಸವಪ್ಪನಾಯಕನ (ಆಳ್ವಿಕೆ 1697-1714) ‘ಶಿವತತ್ತ್ವರತ್ನಾಕರ’ ಈ ಪರಂಪರೆಯನ್ನು ಮುಂದುವರಿಸಿದವು. ಇವೆಲ್ಲವೂ ಅರಮನೆಯ ಅಥವಾ ಉಳ್ಳವರ ಅಡುಗೆಯನ್ನು ಕುರಿತವು. ಏನನ್ನು ಬೇಯಿಸಬೇಕು, ಹೇಗೆ ಬಡಿಸಬೇಕು ಎಂಬುದನ್ನು ಇವು ಹೇಳುತ್ತವೆ. ಸೌದೆ ಹೊತ್ತವರ, ಹೊಗೆ ಕುಡಿದವರ ವಿಷಯಕ್ಕೆ ಇಲ್ಲಿ ಎಡೆಯಿಲ್ಲ.

ಆ ಎಡೆಯನ್ನು ತುಂಬುವುದು 12ನೆಯ ಶತಮಾನದ ಶರಣರ ಕಥನಗಳು. ಮೋಳಿಗೆಯ ಮಾರಯ್ಯನ ಕಾಯಕ ಕಟ್ಟಿಗೆಯ ಹೊರೆಯನ್ನು ಮಾರುವುದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಾಯಕ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಸಾಮೂಹಿಕ ದಾಸೋಹದ ಹಿಂದೆ ಕಟ್ಟಿಗೆಯ ಹೊರೆಯೂ ಅಂಗಳದ ನೆಲವೂ ಇದ್ದವೆಂಬುದನ್ನು ಇವರ ಹೆಸರುಗಳೇ ನೆನಪಿಸುತ್ತವೆ. ಒಲೆಯ ಹೊರಗಿನ ದುಡಿಮೆಯನ್ನು ಗೌರವದ ಕಾಯಕವೆಂದು ಹೆಸರಿಟ್ಟು ಕರೆದ ಇಂತಹ ನಿದರ್ಶನಗಳು ನಮ್ಮ ಚರಿತ್ರೆಯಲ್ಲಿ ವಿರಳ.

4. ಅಂಗಳದ ಬೆಂಕಿ: ದುಡಿಮೆ

ಮನೆಯ ಹೊರಗಿನ ಬೆಂಕಿಯ ಮೊದಲ ನೆಲೆ ಸುಗ್ಗಿಯ ದುಡಿಮೆ. ಕರಾವಳಿಯಲ್ಲಿ ಕುಚ್ಚಲಕ್ಕಿಗಾಗಿ ಭತ್ತವನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸಿ ಅಂಗಳದಲ್ಲಿ ಒಣಗಿಸುತ್ತಿದ್ದರು. ಮಲೆನಾಡಿನಲ್ಲಿ ಸುಲಿದ ಹಸಿ ಅಡಕೆಯನ್ನು ಚೊಗರು ಬೆರೆಸಿದ ನೀರಿನಲ್ಲಿ ಬೇಯಿಸಿ ಕೆಂಪಡಕೆ ಮಾಡುವ ಒಲೆಗಳು ಇಂದಿಗೂ ಇವೆ. ಕಬ್ಬಿನ ಸೀಮೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆಯನ್ನೇ ಉರುವಲಾಗಿ ಒಟ್ಟುತ್ತಾರೆ. 1800-01ರಲ್ಲಿ ಮೈಸೂರು, ಕೆನರಾ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಂತಹ ಬೆಳೆ ಸಂಸ್ಕರಣೆಯ ಕ್ರಮಗಳನ್ನು ವಿವರವಾಗಿ ದಾಖಲಿಸಿದ್ದಾನೆ. ಉತ್ತರ ಕರ್ನಾಟಕದಲ್ಲಿ ಎಳೆಯ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಸೀತನಿ ತಿನ್ನುವುದು ಹೊಲದಲ್ಲಿಯೇ ನಡೆಯುವ ಸಂಭ್ರಮ.

ಇಂತಹ ಕೆಲಸಕ್ಕೆ ಬೇಕಾದ ನೆಲವನ್ನು ಹದಗೊಳಿಸುವ ಜ್ಞಾನ ಗಮನಿಸತಕ್ಕದ್ದು. ಮಳೆಗಾಲ ಮುಗಿದ ಮೇಲೆ ಕೊಚ್ಚಿಹೋದ ಅಂಗಳಕ್ಕೆ ಮಣ್ಣು ತುಂಬಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಸಮ ಮಾಡಿ, ಮೇಲೆ ಸಗಣಿ ಸಾರಿಸುತ್ತಿದ್ದರು. ಅಡಕೆಯ ಮರದ ಕಂಬ, ದಬ್ಬೆ ಮತ್ತು ಸೋಗೆಗಳಿಂದ ಚಪ್ಪರ ಏಳುತ್ತಿತ್ತು. ಮುಂದಿನ ಮಳೆಗೆ ಅದೆಲ್ಲವೂ ಕಳಚಿ ಗೊಬ್ಬರವಾಗುತ್ತಿತ್ತು. ಹೊರಾಂಗಣವನ್ನು ಒಮ್ಮೆಗೇ ಶಾಶ್ವತವಾಗಿ ಕಟ್ಟಿ ಮುಗಿಸುವ ಕಲ್ಪನೆ ಇಲ್ಲಿರಲಿಲ್ಲ. ಪ್ರತಿ ವರ್ಷವೂ ಹೊಸದಾಗಿ ಮಾಡಿಕೊಳ್ಳುವುದೇ ಅದರ ಕ್ರಮವಾಗಿತ್ತು. ಆದ್ದರಿಂದಲೇ ಆ ಜ್ಞಾನ ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ದಾಟುತ್ತಿತ್ತು. ಸಿಮೆಂಟಿನ ಅಂಗಳಕ್ಕೆ ವರ್ಷದ ದುಡಿಮೆ ಬೇಡ. ಅದು ಹೆಂಗಸರ ಮತ್ತು ಕೂಲಿಯಾಳುಗಳ ಬೆನ್ನಿನ ಹೊರೆಯನ್ನು ನಿಜವಾಗಿಯೂ ಇಳಿಸಿತು. ಆದರೆ ನೆಲ ಮಾಡುವ ವಿದ್ಯೆಯೂ ಅದರೊಡನೆಯೇ ಮರೆಯಾಗತೊಡಗಿತು. ಲಾಭ ನಷ್ಟಗಳೆರಡನ್ನೂ ಒಟ್ಟಿಗೆ ಬರೆಯದಿದ್ದರೆ ಈ ಚರಿತ್ರೆ ಅಪೂರ್ಣವಾಗುತ್ತದೆ.

ಅಂಗಳದ ಬೆಂಕಿಯ ಸುತ್ತ ಜನಪದ ಸಾಹಿತ್ಯವೂ ಬೆಳೆಯಿತು. ಅಡಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರ ನಡುವೆ ಕಥೆ, ಒಗಟು, ಹಾಡುಗಳು ಸುಳಿದಾಡಿದವು. ಅಂಗಳದಲ್ಲಿ ಕೇಳುವವರಿದ್ದರು, ಆದ್ದರಿಂದ ಹೇಳುವವರೂ ಇದ್ದರು. ಹಿತ್ತಿಲಿನ ಸ್ಥಿತಿ ಹೀಗಿರಲಿಲ್ಲ.

5. ಹಿತ್ತಿಲ ಬೆಂಕಿ: ಗಡಿ

ಹಿತ್ತಿಲ ಒಲೆ ದಿನನಿತ್ಯದ್ದು. ಬೆಳಗಿನ ಜಾವಕ್ಕೆ ಮೊದಲು ಹೊತ್ತುತ್ತಿದ್ದ ಬೆಂಕಿ ಬಚ್ಚಲ ಹಂಡೆಯ ಬೆಂಕಿ. ಹೆರಿಗೆಯಾದ ಮನೆಯಲ್ಲಿ ಬಾಣಂತಿಗೆ ನೀರು ಕಾಯುವುದು ಇಲ್ಲಿ; ಮಗುವಿನ ಮಾಸನ್ನು ಹೂಳುವುದು ಹಲವೆಡೆ ಇದೇ ಹಿತ್ತಿಲ ಮಣ್ಣಿನಲ್ಲಿ. ದೀಪಾವಳಿಯ ಮುನ್ನಾದಿನದ ನೀರು ತುಂಬುವ ಹಬ್ಬದಂದು ಹಂಡೆಯನ್ನು ಬೆಳಗಿ, ಹಿಂಡ್ಲೆಯ ಬಳ್ಳಿಯನ್ನು ಸುತ್ತಿ, ಪೂಜಿಸಿ ನೀರು ತುಂಬುತ್ತಾರೆ. ವರ್ಷವಿಡೀ ಮಸಿ ಹಿಡಿದ ಮೂಲೆ ಒಂದು ಸಂಜೆಯ ಮಟ್ಟಿಗೆ ದೇವರ ಕೋಣೆಯ ಗೌರವವನ್ನು ಪಡೆಯುತ್ತದೆ. ಆಚರಣೆಯು ನಿತ್ಯದ ಶ್ರೇಣಿಯನ್ನು ಕ್ಷಣಕಾಲ ತಲೆಕೆಳಗು ಮಾಡುವ ಬಗೆಗೆ ಇದೊಂದು ಉತ್ತಮ ನಿದರ್ಶನ.

ಹಿತ್ತಿಲ ಒಲೆಯ ಮತ್ತೊಂದು ಮುಖ ಗಡಿಯದು. ಮಾಂಸಾಹಾರಿಗಳಾಗಿದ್ದೂ ಮನೆಯೊಳಗೆ ದೇವರನ್ನು ಇಟ್ಟುಕೊಂಡ ಹಲವು ಕುಟುಂಬಗಳಲ್ಲಿ ಬಾಡಿನ ಅಡುಗೆಗೆ ಹೊರಗಿನ ಒಲೆ, ಬೇರೆ ಮಡಕೆ. ಮಡಿವಂತ ಮನೆಗಳಲ್ಲಿ ಮುಟ್ಟಾದ ಹೆಂಗಸಿನ ವಾಸ ಹಿತ್ತಿಲ ಕಡೆಯ ಜಗಲಿಯಲ್ಲಿ. ಹೊಲಗದ್ದೆಯಲ್ಲಿ ದುಡಿದು ಬಂದವರಿಗೆ ಗಂಜಿ, ಮುದ್ದೆ ಬಡಿಸುತ್ತಿದ್ದುದು ಹಿಂಬಾಗಿಲಿನ ಹೊರಗೆ, ಎಲೆಯಲ್ಲಿಯೋ ಹಾಳೆಯಲ್ಲಿಯೋ. ಅಸ್ಪೃಶ್ಯರೆಂದು ಕರೆಯಲ್ಪಟ್ಟವರಿಗೆ ಅದಕ್ಕಿಂತಲೂ ದೂರದಲ್ಲಿ. ಅದೇ ಹಿತ್ತಿಲನ್ನು ಒಳಗಿನಿಂದ ನೋಡಿದವರು ಅದನ್ನು ಮನೆಯ ತುದಿಯೆಂದು ತಿಳಿದರು. ಹೊರಗಿನಿಂದ ಬಂದವರಿಗೆ ಅದು ಮನೆಯು ತಮಗೆ ತೋರಿಸಿದ ಏಕೈಕ ಮುಖವಾಗಿತ್ತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಮೊದಲಾದ ದಲಿತ ಆತ್ಮಕಥನಗಳು ಕನ್ನಡ ಸಾಹಿತ್ಯಕ್ಕೆ ತಂದದ್ದು ಹೀಗೆ ಹೊರಗೆ ನಿಲ್ಲಿಸಲ್ಪಟ್ಟವರ ನೋಟವನ್ನು. ಹಿತ್ತಿಲನ್ನು ಕುರಿತ ಯಾವ ಹಂಬಲದ ಬರಹವೂ ಈ ನೋಟವನ್ನು ಬದಿಗಿಡುವಂತಿಲ್ಲ.

ಹಿತ್ತಿಲ ಒಲೆಯ ಹಾಡುಗಳು ಏಕೆ ಕಡಿಮೆ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಬೇಕಾಗಿದೆ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ (1931) ಸಂಕಲನವನ್ನು ಹೊರತಂದ ಕಾಲದಿಂದ ಬೀಸುವ, ಕುಟ್ಟುವ ಹಾಡುಗಳು ನಮ್ಮ ಸಂಗ್ರಹಗಳಲ್ಲಿ ಸಮೃದ್ಧವಾಗಿವೆ. ಅವುಗಳಿಗೆ ಹೋಲಿಸಿದರೆ ನೀರು ಕಾಯಿಸುವ, ಬೆಂಕಿ ಉರಿಸುವ ಕೆಲಸಕ್ಕೇ ಮೀಸಲಾದ ಹಾಡುಗಳು ವಿರಳ. ಬೀಸುವ ಕಲ್ಲಿನ ಮುಂದೆ ಇಬ್ಬರು ಕೂರುತ್ತಾರೆ. ಕಲ್ಲಿನ ಸುತ್ತಿಗೆ ಲಯವಿದೆ. ಒಲೆಯ ಮುಂದೆ ಒಬ್ಬಳೇ; ಹಸಿ ಸೌದೆಗೆ ಲಯವಿಲ್ಲ. ಹೊಗೆಗೆ ಕಣ್ಣು ಉರಿಯುತ್ತದೆ, ಊದುಗೊಳವೆ ಹಿಡಿದ ಬಾಯಿ ಹಾಡಲಾರದು. ಪಠ್ಯವನ್ನೇ ಹುಡುಕಿಕೊಂಡು ಹೊರಟ ಜಾನಪದ ಅಧ್ಯಯನಕ್ಕೆ ಹಾಡಿಲ್ಲದ ಮೂಲೆ ಕಾಣದೆ ಹೋದುದು ಸಹಜ. ಆದರೆ ಮೌನವೂ ಒಂದು ಮಾಹಿತಿಯೇ. ದುಡಿಮೆಯ ಅತ್ಯಂತ ಬಳಲಿಕೆಯ ರೂಪಗಳು ಹಾಡನ್ನು ಹುಟ್ಟಿಸದೆಯೂ ಇರಬಹುದೆಂಬುದನ್ನು ಹಿತ್ತಿಲ ಒಲೆ ನಮಗೆ ಕಲಿಸುತ್ತದೆ.

6. ಬಯಲ ಬೆಂಕಿ: ಹರಕೆ

ಹೊರಗಿನ ಅಡುಗೆಯ ಮೂರನೆಯ ನೆಲೆ ಮನೆಯನ್ನೇ ದಾಟಿದ್ದು. ಬಯಲುಸೀಮೆಯ ಹಲವು ಊರುಗಳಲ್ಲಿ ‘ಹೊರಬೀಡು’ ಎಂಬ ಆಚರಣೆಯಿದೆ. ರೋಗರುಜಿನ ಅಥವಾ ಕೇಡು ತಟ್ಟದಿರಲೆಂದು ನಿಶ್ಚಿತ ದಿನದಂದು ಊರಿನವರೆಲ್ಲರೂ ದನಕರುಗಳೊಡನೆ ಬೆಳಗ್ಗೆಯೇ ಊರು ತೊರೆದು, ಊರಬಾಗಿಲಿಗೆ ಮುಳ್ಳುಬೇಲಿ ಎಳೆದು, ತೋಟ ಹೊಲಗಳಲ್ಲಿ ಅಡುಗೆ ಮಾಡಿ ಉಂಡು ಸಂಜೆಗೆ ಮರಳುತ್ತಾರೆ. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ನೆನಪು ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಹೊರಬೀಡಿನ ಅರ್ಥವನ್ನು ಆ ನೆನಪಿನೊಡನೆ ಇಟ್ಟು ನೋಡಬಹುದು. ಎಳ್ಳಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತರು ಹೊಲಕ್ಕೆ ಬುತ್ತಿ ಕೊಂಡೊಯ್ದು ಚರಗ ಚೆಲ್ಲುತ್ತಾರೆ.

ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ನಡೆಯುವ ಸಿದ್ದಪ್ಪಾಜಿಯ ಐದು ದಿನಗಳ ಜಾತ್ರೆ ಈ ದೃಷ್ಟಿಯಿಂದ ವಿಶೇಷವಾದುದು. ಭಕ್ತರು ಬಯಲಿನಲ್ಲಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ ಮಾಡಿ, ನಾಲ್ಕನೆಯ ದಿನ ಪಂಕ್ತಿಸೇವೆಯಲ್ಲಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಮಂಟೇಸ್ವಾಮಿ ಪರಂಪರೆಯ ಸಮಾನತೆಯ ಆಶಯ ಇಲ್ಲಿ ಊಟದ ಸಾಲಿನಲ್ಲಿ ರೂಪ ತಾಳಿದೆ. ಹಿತ್ತಿಲಿನಲ್ಲಿ ಗಡಿಯನ್ನು ಎಳೆಯುತ್ತಿದ್ದ ಅದೇ ಮೂರು ಕಲ್ಲಿನ ಒಲೆ ಬಯಲಿಗೆ ಬಂದಾಗ ಗಡಿಯನ್ನು ಅಳಿಸುವ ಸಾಧನವಾಗುತ್ತದೆ. ಒಲೆಯ ಅರ್ಥವನ್ನು ನಿರ್ಧರಿಸುವುದು ಅದರ ಆಕಾರವಲ್ಲ, ಅದರ ಸುತ್ತ ಯಾರು ಹೇಗೆ ಕೂರುತ್ತಾರೆಂಬುದು.

7. ನಗರೀಕರಣ ಮತ್ತು ಹಿತ್ತಿಲಿನ ಸಂಕೋಚ

1809ರಲ್ಲಿ ಬೆಂಗಳೂರು ದಂಡುಪ್ರದೇಶ ಸ್ಥಾಪನೆಯಾದ ಬಳಿಕ ಬಂದ ಬಂಗಲೆಯ ಮಾದರಿಯಲ್ಲಿ ಅಡುಗೆಮನೆ ಸಾಮಾನ್ಯವಾಗಿ ಮುಖ್ಯ ಕಟ್ಟಡದಿಂದ ಬೇರೆಯಾಗಿ, ಆಳುಗಳ ಕೊಠಡಿಗಳ ಬಳಿ, ಹಿಂಬದಿಯಲ್ಲಿರುತ್ತಿತ್ತು. ಮುಂದೆ ಹುಲ್ಲುಹಾಸು ಮತ್ತು ಚಹಾ, ಹಿಂದೆ ಹೊಗೆ ಮತ್ತು ಆಳು. ಜಾತಿಯ ಗಡಿಯ ಜೊತೆಗೆ ವಸಾಹತಿನ ಗಡಿಯೂ ಹೀಗೆ ಸೇರಿಕೊಂಡಿತು.

1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಗಾಳಿ ಬೆಳಕಿಗೆ ಪ್ರಾಶಸ್ತ್ಯವಿತ್ತು; ಮನೆಗಳ ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿಗಳಿದ್ದವು. ಹಿತ್ತಿಲ ಕೊನೆಯ ಕಕ್ಕಸಿನಿಂದ ಮಲವನ್ನು ಹೊತ್ತೊಯ್ಯುವವರು ಮನೆಯವರ ಕಣ್ಣಿಗೆ ಬೀಳದಂತೆ ಬಂದುಹೋಗುವ ದಾರಿ ಅದು. ನಗರಯೋಜನೆಯು ಆರೋಗ್ಯದ ಹೆಸರಿನಲ್ಲಿ ಹಿತ್ತಿಲಿನ ಹಳೆಯ ಗಡಿಗೆ ಕಲ್ಲುಕಟ್ಟಡದ ರೂಪವನ್ನೇ ಕೊಟ್ಟಿತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲು ಮುಂದಾದರು. ಕೇಂದ್ರದ ಕಾಯಿದೆಗಳು 1993 ಮತ್ತು 2013ರಲ್ಲಿ ಬಂದವು. ಹಿತ್ತಿಲು ಇಂದು ಕುಳಿತು ಹರಟುವ ಜಾಗವಾಗಲು ಸಾಧ್ಯವಾದದ್ದು ಈ ಹೋರಾಟಗಳಿಂದಲೂ ಒಳಚರಂಡಿಯಿಂದಲೂ ಎಂಬುದನ್ನು ಮರೆಯುವಂತಿಲ್ಲ.

ನಗರದ ನಿವೇಶನ 30x40 ಅಡಿಗೆ ಇಳಿದಂತೆ ಹಿತ್ತಿಲು ನಿಯಮದ ಪ್ರಕಾರ ಬಿಡಬೇಕಾದ ಕೆಲವೇ ಅಡಿಗಳ ತೆರವಾಯಿತು. ಬಾವಿಯ ಬದಲು ನಲ್ಲಿ, ಹಂಡೆಯ ಬದಲು ಗೀಸರ್, ಸೌದೆಯ ಬದಲು ಗ್ಯಾಸ್ ಬಂದವು. ಗ್ರಾಮೀಣ ಪ್ರದೇಶದಲ್ಲಿ ಬದಲಾವಣೆ ತಡವಾಗಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ 1980ರ ದಶಕದ ಆರಂಭದಲ್ಲಿ ರೂಪಿಸಿದ ಅಸ್ತ್ರ ಒಲೆ ಮೂರು ಪಾತ್ರೆಗಳಿಗೆ ಒಂದೇ ಉರಿಯನ್ನು ಹಂಚಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿತು. 1983ರಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಮತ್ತು 2016ರ ಉಜ್ವಲಾ ಯೋಜನೆ ಒಲೆಯನ್ನು ಸರ್ಕಾರದ ವಿಷಯವನ್ನಾಗಿ ಮಾಡಿದವು. ಹೊಗೆಯಿಂದ ಹೆಂಗಸರ ಕಣ್ಣು ಮತ್ತು ಎದೆಗೆ ಬಿಡುಗಡೆ ದೊರೆತುದು ಈ ಚರಿತ್ರೆಯ ಅತ್ಯಂತ ದೊಡ್ಡ ಲಾಭ. ಆದರೂ ಗ್ಯಾಸ್ ಬಂದ ಅನೇಕ ಮನೆಗಳಲ್ಲಿ ಬಚ್ಚಲ ಒಲೆ, ಹೊರಗಿನ ಮೂರು ಕಲ್ಲು ಉಳಿದುಕೊಂಡಿವೆ. ನೀರು ಕಾಯಿಸಲು, ಬಾಡು ಬೇಯಿಸಲು, ನೆಂಟರು ಬಂದಾಗ ದೊಡ್ಡ ಪಾತ್ರೆಯಿಡಲು ಅವೇ ಬೇಕು. ಸಿಲಿಂಡರಿನ ಬೆಲೆಯೂ ಇದಕ್ಕೊಂದು ಕಾರಣ.

ಬಹುಮಹಡಿ ವಸತಿಗಳಲ್ಲಿ ಹಿತ್ತಿಲು ‘ಯುಟಿಲಿಟಿ’ ಎಂಬ ಹೆಸರಿನಲ್ಲಿ ಉಳಿದಿದೆ. ಅಡುಗೆಮನೆಯ ಹಿಂದಿನ ಆ ಕಿರುಜಾಗದಲ್ಲಿ ಪಾತ್ರೆ ತೊಳೆಯುವ ಬಚ್ಚಲುಗಲ್ಲು, ಬಟ್ಟೆ ಒಗೆಯುವ ಯಂತ್ರ, ಪೊರಕೆ ಇರುತ್ತವೆ. ಅಲ್ಲಿ ನಿಲ್ಲುವವರು ಬಹುತೇಕ ಮನೆಗೆಲಸದ ಹೆಂಗಸರು. ಹೆಸರು ಇಂಗ್ಲಿಷಿಗೆ ಬದಲಾದರೂ ಹಿಂಬದಿಯ ದುಡಿಮೆಯ ವಿನ್ಯಾಸ ಹೆಚ್ಚು ಬದಲಾಗಿಲ್ಲ.

8. ಪ್ಯಾಟಿಯೊ: ವಿರಾಮದ ಬೆಂಕಿ

ಇಂದಿನ ಹೊರಾಂಗಣ ಅಡುಗೆಮನೆಯ ಮಾದರಿ ಬಂದಿರುವುದು ಅಮೆರಿಕದಿಂದ. ಅಲ್ಲಿನ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಿದರೆ ನಮ್ಮಲ್ಲಿನ ಪಲ್ಲಟ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ಪ್ಯಾಟಿಯೊ’ ಸ್ಪ್ಯಾನಿಷ್ ಪದ. ಸ್ಪೇನಿನ ಮನೆಗಳಲ್ಲಿ ಅದು ಕೋಣೆಗಳಿಂದ ಸುತ್ತುವರಿದ ಒಳ ತೆರವು. ಸ್ವರೂಪದಲ್ಲಿ ನಮ್ಮ ತೊಟ್ಟಿಗೆ ಹತ್ತಿರವಾದುದು. ಅಮೆರಿಕದಲ್ಲಿ, ವಿಶೇಷವಾಗಿ ಎರಡನೆಯ ಮಹಾಯುದ್ಧದ ನಂತರ ಬೆಳೆದ ಉಪನಗರಗಳಲ್ಲಿ, ಅದು ಮನೆಯ ಹಿಂಬದಿಗೆ ಸರಿದು ಕಲ್ಲುಹಾಸಿನ ಹಿತ್ತಿಲಾಯಿತು. ‘ಬಾರ್ಬೆಕ್ಯೂ’ ಪದದ ಮೂಲ ಕೆರಿಬಿಯನ್ ದ್ವೀಪಗಳ ಟೈನೊ ಜನರ ಭಾಷೆಯಲ್ಲಿದೆಯೆಂದು ಹೇಳಲಾಗುತ್ತದೆ. ಕಡ್ಡಿಗಳ ಅಟ್ಟಣೆಯ ಮೇಲೆ ಮಾಂಸವಿಟ್ಟು ಬೇಯಿಸುವ ಕ್ರಮವದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಅಡುಗೆಯನ್ನು ಬೆಳೆಸಿದವರಲ್ಲಿ ಗುಲಾಮಗಿರಿಗೆ ಒಳಗಾದ ಆಫ್ರಿಕನ್ ಮೂಲದವರ ಪಾಲು ದೊಡ್ಡದು. 1952ರಲ್ಲಿ ಷಿಕಾಗೊ ಪ್ರದೇಶದ ಜಾರ್ಜ್ ಸ್ಟೀಫನ್ ಲೋಹದ ತೇಲುಬುರುಡೆಯನ್ನು ಎರಡು ಹೋಳು ಮಾಡಿ ಮುಚ್ಚಳವುಳ್ಳ ದುಂಡನೆಯ ಒಲೆಯನ್ನು ರೂಪಿಸಿದ ಬಳಿಕ ಹಿತ್ತಿಲ ಬೆಂಕಿ ಅಲ್ಲಿನ ಮಧ್ಯಮವರ್ಗದ ವಾರಾಂತ್ಯದ ವಿನೋದವಾಗಿ ಹಬ್ಬಿತು. ನಿತ್ಯದ ಅಡುಗೆ ಒಳಗೆ, ಗ್ಯಾಸ್ ಅಥವಾ ವಿದ್ಯುತ್ ಒಲೆಯ ಮೇಲೆ ಹೆಂಗಸಿನದು. ವಾರಾಂತ್ಯದ ಬೆಂಕಿ ಹೊರಗೆ, ಗಂಡಸಿನದು. ದುಡಿಮೆಯಾಗಿದ್ದ ಬೆಂಕಿ ಒಳಗೆ ಹೋದ ಮೇಲೆ ಮಾತ್ರ ಹೊರಗಿನ ಬೆಂಕಿ ವಿರಾಮವಾಗಲು ಸಾಧ್ಯವಾಯಿತೆಂಬುದು ಇಲ್ಲಿನ ಮುಖ್ಯ ಅಂಶ.

1991ರ ಉದಾರೀಕರಣದ ನಂತರ ಇದೇ ಕ್ರಮ ನಮ್ಮ ನಗರಗಳಲ್ಲಿ ಮರುಕಳಿಸಿದೆ. ಗ್ಯಾಸ್ ಒಲೆ ಸ್ಥಿರವಾದ ಮನೆಗಳಲ್ಲಿಯೇ ಹೊರಗಿನ ಇದ್ದಿಲ ಒಲೆಗೆ ಆಕರ್ಷಣೆ ಬಂದಿತು. ವಿದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಒಗ್ಗರಣೆಯ, ಮೀನಿನ ವಾಸನೆ ಮನೆಯೊಳಗೆ ನಿಲ್ಲದಿರಲೆಂದು ಹಿತ್ತಿಲಲ್ಲಿಯೋ ಗ್ಯಾರೇಜಿನಲ್ಲಿಯೋ ಒಲೆಯಿಡುವುದುಂಟು. ಪ್ಯಾಟಿಯೊದ ಮೇಲೆ ನಿಂತಿದ್ದರೂ ಈ ಒಲೆಯ ತರ್ಕ ನಮ್ಮ ಹಳೆಯ ಹಿತ್ತಿಲಿನದೇ: ಕೆಲವು ಅಡುಗೆಗಳು ಒಳಗೆ ಸಲ್ಲವು. ಹೊಸ ವಿನ್ಯಾಸ ಹಳೆಯ ಅರ್ಥವನ್ನು ಪೂರ್ತಿಯಾಗಿ ಅಳಿಸುವುದಿಲ್ಲ.

9. ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಹೊರಾಂಗಣ ಅಡುಗೆ ನಮಗೆ ಹೊಸದಲ್ಲ. ಹೊಸದು ಅದರ ವಿರಾಮದ ಅರ್ಥ. ಅಂಗಳದ ಬೆಂಕಿ ದುಡಿಮೆಯನ್ನು, ಹಿತ್ತಿಲ ಬೆಂಕಿ ಗಡಿಯನ್ನು, ಬಯಲ ಬೆಂಕಿ ಕೂಡುಬಾಳನ್ನು ಸೂಚಿಸಿದರೆ, ಪ್ಯಾಟಿಯೊದ ಬೆಂಕಿ ದುಡಿಮೆಯಿಂದ ಬಿಡುಗಡೆ ಪಡೆದವರ ಆಯ್ಕೆಯನ್ನು ಸೂಚಿಸುತ್ತದೆ. ಆ ಬಿಡುಗಡೆ ಎಲ್ಲರಿಗೂ ದೊರೆತಿಲ್ಲವಾದ್ದರಿಂದ ಒಂದೇ ಊರಿನಲ್ಲಿ ಒಬ್ಬರ ಹೊರಗಿನ ಒಲೆ ಅಂತಸ್ತಿನ ಚಿಹ್ನೆಯಾಗಿಯೂ ಮತ್ತೊಬ್ಬರದು ಬಡತನದ ಚಿಹ್ನೆಯಾಗಿಯೂ ಏಕಕಾಲಕ್ಕೆ ಉರಿಯುತ್ತಿದೆ.

ಜಾನಪದ ಅಧ್ಯಯನಕ್ಕೆ ಇಲ್ಲಿ ತುರ್ತಾದ ಕೆಲಸವಿದೆ. ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯವೂ ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕವೂ ಗೃಹೋಪಯೋಗಿ ವಸ್ತುಗಳನ್ನು ಕಾಪಾಡಿ ಮಹದುಪಕಾರ ಮಾಡಿವೆ. ಹಂಡೆಯನ್ನು, ಒರಳನ್ನು, ಊದುಗೊಳವೆಯನ್ನು ತಂದು ಇಡಬಹುದು. ಹಿತ್ತಿಲನ್ನು ತಂದು ಇಡಲಾಗದು. ಹಂಡೆಯ ನೀರು ಬಾಳೆಗೆ ಹರಿಯುತ್ತಿದ್ದ ದಾರಿ, ಗಂಜಿ ಕುಡಿದವರು ಕುಳಿತ ಅಂತರ, ಸೌದೆ ಒಟ್ಟುವ ಕ್ರಮ, ನೆಲ ಬಡಿಯುವ ಹದ ಇವು ವಸ್ತುಗಳಲ್ಲ, ಸಂಬಂಧಗಳು. ಪ್ರತಿ ಪ್ರದೇಶದಲ್ಲಿಯೂ ಹಳೆಯ ಮನೆಗಳನ್ನು ಕೆಡವುವ ಮುನ್ನ ಅವುಗಳ ಹಿಂಬದಿಯ ನಕ್ಷೆಯನ್ನು ಬರೆದಿಟ್ಟುಕೊಳ್ಳಬೇಕು. ಒಲೆ ಹೊತ್ತಿಸಿದ ಹೆಂಗಸರಿಂದಲೂ ಹಿಂಬಾಗಿಲಿನ ಹೊರಗೆ ಕುಳಿತು ಉಂಡವರಿಂದಲೂ ಒಂದೇ ಹಿತ್ತಿಲಿನ ಎರಡು ವಿವರಣೆಗಳನ್ನು ಪಡೆಯಬೇಕು. ಈ ಎರಡನ್ನೂ ಬಲ್ಲ ತಲೆಮಾರು ನಮ್ಮ ಕಣ್ಣೆದುರಿಗೇ ವಿರಳವಾಗುತ್ತಿದೆ. ಹಾಡಿಲ್ಲದ ಈ ಮೂಲೆಯನ್ನು ಕೇಳಿಸಿಕೊಳ್ಳಲು ಕಲಿತಾಗ ಮಾತ್ರ ಕನ್ನಡ ಮನೆಯ ಚರಿತ್ರೆ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಪೂರ್ಣವಾದೀತು.